ಆಟದ ಕಾಠಿಣ್ಯವನ್ನು ಅಳೆಯುವುದು ಹೇಗೆ?

ಕಳೆದ ದೀಪಾವಳಿಯ ರಜೆಯಲ್ಲಿ ನಾವು ಗುಡಗೇರಿಯ ನಮ್ಮ ಮನೆಯಲ್ಲಿದ್ದಾಗ ಅಟ್ಟವನ್ನು ಸ್ವಚ್ಛಗೊಳಿಸುವ ಪ್ರಸಂಗ ಬಂದಿತು. ಹಳೆಯ ಟ್ರಂಕೊಂದರಲ್ಲಿ ನಮ್ಮ ಬಾಲ್ಯದ ವಿಡಿಯೋ ಆಟದ ಯಂತ್ರವೂ ಎರಡು ಕ್ಯಾಸೆಟ್ಟುಗಳೂ ದೊರೆತವು. ಧೂಳು ಒರೆಸಿ ಟಿ.ವಿ.ಗೆ ಜೋಡಿಸಿದೆವು, ಅದೃಷ್ಟವಶಾತ್ ಯಂತ್ರ ಇನ್ನೂ ನಡೆಯುತ್ತಿದ್ದಿತು. ಹುಬ್ಬಳ್ಳಿಯ ಕಾಲೇಜಿಗೆ ನಿತ್ಯವೂ ರೈಲಿನಲ್ಲಿ ಹೋಗಿಬರುವ ನಮ್ಮ ಅಕ್ಕನ ಮಗ ಆಡಲು ಕುಳಿತನು. ಹತ್ತು ನಿಮಿಷಗಳೊಳಗೆ ಅವನ ಮೂರು ಜೀವಗಳೂ ತೀರಿ, ಪರದೆಯ ಮೇಲೆ ಆಟದ ಮೊದಲ ಚಿತ್ರವೇ ಮತ್ತೆ ಮೂಡಿತು.

"ಮಾಮಾ, ಇದೆಂಥಾ ಆಟರೀ? ಸತ್ತರ ಮತ್ತ ಮೊದಲಿಂದನ ಆಡಬೇಕಾ?" ಎಂದು ಅವನು ಕೇಳಿದನು.

ಪಕ್ಕದಲ್ಲಿದ್ದ ನಮ್ಮ ಅಣ್ಣನವರು ನಕ್ಕು, "ನಮ್ಮ ಕಾಲದಾಗ ಆಟ ಅಂದ್ರ ಹಿಂಗ ಇದ್ದವಪಾ. ಈಗಿನವು ಕೂಸು ಆಡೋ ಆಟ," ಎಂದರು.

ಹುಡುಗ ಸುಮ್ಮನಾಗಲಿಲ್ಲ. ತನ್ನ ಲ್ಯಾಪ್‌ಟಾಪಿನಲ್ಲಿ ಹೊಸ ಆಟವೊಂದನ್ನು ತೆರೆದು ಅಣ್ಣನವರ ಮುಂದಿಟ್ಟನು. ಊಟದ ಹೊತ್ತಾದರೂ ಅಣ್ಣನವರಿಗೆ ಅದರ ಒಂದು ಕಂದರವನ್ನು ದಾಟಲಾಗಲಿಲ್ಲ. ಹೀಗೆ ಇಬ್ಬರೂ ಸೋತರು. ಆದರೆ ತನ್ನ ಕಾಲದ ಆಟವೇ ಹೆಚ್ಚು ಕಠಿಣವೆಂಬ ವಾದವನ್ನು ಇಬ್ಬರೂ ಬಿಡಲಿಲ್ಲ.

ಇಂಥ ವಾದ ಹುಟ್ಟಿದಾಗ ವಿಜ್ಞಾನದ ವಿದ್ಯಾರ್ಥಿಯು ಮೊದಲು ಕೇಳತಕ್ಕ ಪ್ರಶ್ನೆ ಒಂದಿದೆ: ನಾವು ಅಳೆಯಹೊರಟಿರುವುದು ಒಂದೇ ಪರಿಮಾಣವೆ, ಅಥವಾ ಒಂದೇ ಹೆಸರಿನ ಎರಡು ಪರಿಮಾಣಗಳೆ? ಒಂದು ಚಮಚೆ ಕುದಿನೀರು ಹೆಚ್ಚು ಬಿಸಿಯೋ, ಒಂದು ಹಂಡೆ ಉಗುರುಬೆಚ್ಚನೆಯ ನೀರು ಹೆಚ್ಚು ಬಿಸಿಯೋ? ಹದಿನೆಂಟನೆಯ ಶತಮಾನದಲ್ಲಿ ಜೋಸೆಫ್ ಬ್ಲ್ಯಾಕ್ ಎಂಬ ವಿಜ್ಞಾನಿಯು ಉಷ್ಣವನ್ನೂ ತಾಪವನ್ನೂ ಬೇರ್ಪಡಿಸಿ ತೋರಿಸುವವರೆಗೆ ಇಂಥ ಪ್ರಶ್ನೆಗೆ ನೇರವಾದ ಉತ್ತರವಿರಲಿಲ್ಲ. 'ಕಾಠಿಣ್ಯ' ಎಂಬ ಮಾತೂ ಇಂತಹದೇ. ಅದರೊಳಗೂ ಎರಡು ಪರಿಮಾಣಗಳು ಅಡಗಿವೆ.

ತಡೆ ಮತ್ತು ದಂಡ

ಆಟದಲ್ಲಿ ಎದುರಾಗುವ ಕಂದರ, ಶತ್ರು, ಬೀಳುವ ಕಲ್ಲು ಇವುಗಳನ್ನೆಲ್ಲ ಒಟ್ಟಾಗಿ 'ತಡೆ' ಎಂದು ಕರೆಯೋಣ. ಒಂದು ತಡೆಯನ್ನು ದಾಟುವುದು ಎಷ್ಟು ಕಷ್ಟ ಎಂಬುದು ಮೊದಲನೆಯ ಪರಿಮಾಣ. ದಾಟಲಾಗದೆ ಸೋತಾಗ ಎಷ್ಟು ಹಿಂದಕ್ಕೆ ಹೋಗಬೇಕು ಎಂಬುದು ಎರಡನೆಯದು. ಅದನ್ನು 'ದಂಡ' ಎನ್ನೋಣ.

ದಂಡದ ಕಲ್ಪನೆ ನಮಗೆ ಹೊಸದಲ್ಲ. ಚೌಕಾಬಾರದ ೨೫ ಮನೆಗಳ ಪಟವನ್ನು ನೆನೆದುಕೊಳ್ಳಿರಿ. ಎದುರಾಳಿಯು ನಮ್ಮ ಕಾಯನ್ನು ಕಡಿದರೆ, ಅದು ಎಷ್ಟೇ ದೂರ ಬಂದಿದ್ದರೂ ತನ್ನ ಮೊದಲ ಮನೆಗೇ ಹಿಂದಿರುಗಬೇಕು. ಕವಡೆ ಹಾಕುವುದೇನೂ ಕಷ್ಟದ ಕೆಲಸವಲ್ಲ; ಆ ಆಟದ ಬಿಸುಪೆಲ್ಲ ದಂಡದಲ್ಲಿಯೇ ಇದೆ.

ದಂಡವು ಎಷ್ಟು ಭಾರವಾಗಬಲ್ಲದೆಂಬುದನ್ನು ಅರಿಯಲು ನಮ್ಮ ಊರಿನ ರೈಲನ್ನೇ ತೆಗೆದುಕೊಳ್ಳಿರಿ. ಹುಬ್ಬಳ್ಳಿಯಿಂದ ಹೊರಟ ಗಾಡಿ ಕುಂದಗೋಳ, ಸಂಶಿಗಳನ್ನು ದಾಟಿ ಗುಡಗೇರಿಗೆ ಬರುತ್ತದೆ. ಸಂಶಿಯಲ್ಲಿ ಕೆಂಪು ದೀಪ ಕಂಡರೆ ಗಾಡಿ ಅಲ್ಲಿಯೇ ನಿಂತು, ಹಸಿರು ದೀಪ ಬಂದೊಡನೆ ಮುಂದುವರಿಯುವುದು. ಅದರ ಬದಲು, ಎಲ್ಲಿಯೇ ಕೆಂಪು ದೀಪ ಕಂಡರೂ ಗಾಡಿ ಹುಬ್ಬಳ್ಳಿಗೆ ಹಿಂದಿರುಗಿ ಪುನಃ ಹೊರಡತಕ್ಕದ್ದೆಂದು ನಿಯಮವಿದ್ದರೆ ಏನಾದೀತು? ಹಳಿ ಅದೇ, ದೀಪಗಳೂ ಅವೇ. ಆದರೂ ನಮ್ಮ ಊರಿನ ವಿದ್ಯಾರ್ಥಿಗಳು ಮನೆ ಸೇರುವುದು ದೈವಾಧೀನವಾದೀತು!

ಲೆಕ್ಕ ಮಾಡಿ ನೋಡೋಣ

ಒಂದು ಆಟದಲ್ಲಿ ಸಾಲಾಗಿ ೨೦ ತಡೆಗಳಿವೆಯೆಂದು ಇಟ್ಟುಕೊಳ್ಳಿರಿ. ನಮ್ಮ ಆಟಗಾರ ಜಾಣ. ಯಾವುದೇ ತಡೆಯನ್ನು ೧೦ ಸಲ ಎದುರಿಸಿದರೆ ೯ ಸಲ ದಾಟಬಲ್ಲನು. ಅಂದರೆ ದಾಟುವ ಸಂಭವನೀಯತೆ ೦.೯. ಎರಡು ತಡೆಗಳನ್ನು ಒಂದರ ಹಿಂದೊಂದು ದಾಟುವ ಸಂಭವನೀಯತೆ ೦.೯ × ೦.೯ = ೦.೮೧. ಹೀಗೆಯೇ ೨೦ ಸಲ ಗುಣಿಸುತ್ತ ಹೋದರೆ ಉಳಿಯುವುದು ಸುಮಾರು ೦.೧೨. ಒಂದೊಂದು ತಡೆಯೂ ಸುಲಭವೆನಿಸಿದ್ದರೂ ಸರಾಸರಿ ಎಂಟು ಸಲ ಹೊರಟರೆ ಒಂದು ಸಲ ಮಾತ್ರ ಆತನು ಕೊನೆ ಮುಟ್ಟುವನು.

ಒಂದು ತಡೆಯನ್ನು ಒಮ್ಮೆ ಎದುರಿಸುವುದನ್ನು ಒಂದು 'ಪ್ರಯತ್ನ'ವೆಂದು ಎಣಿಸೋಣ. ಸೋತಾಗಲೆಲ್ಲ ಮೊದಲಿಗೆ ಹಿಂದಿರುಗಬೇಕಾದರೆ ಒಟ್ಟು ಎಷ್ಟು ಪ್ರಯತ್ನಗಳು ಬೇಕಾದಾವು? ಮೊದಲ ತಡೆಗೆ ಸರಾಸರಿ ೧ ÷ ೦.೯ = ೧.೧೧ ಪ್ರಯತ್ನಗಳು. ಎರಡನೆಯ ತಡೆಯ ಮುಂದೆ ಒಮ್ಮೆ ನಿಲ್ಲಲು ೧.೧೧, ಅದನ್ನು ಎದುರಿಸಲು ಇನ್ನೊಂದು. ಈ ಮೊತ್ತವನ್ನು ೦.೯ರಿಂದ ಭಾಗಿಸಿದರೆ ಎರಡು ತಡೆಗಳಿಗೆ ೨.೩೫. ಹಿಂದಿನ ಉತ್ತರಕ್ಕೆ ಒಂದನ್ನು ಕೂಡಿಸಿ ೦.೯ರಿಂದ ಭಾಗಿಸುವ ಈ ಕ್ರಮವನ್ನೇ ಮುಂದುವರಿಸಿದರೆ ಮೂರು ತಡೆಗಳಿಗೆ ೩.೭೨, ೨೦ ತಡೆಗಳಿಗೆ ಸುಮಾರು ೭೨ ಬರುವುದು.

ಈಗ ಪ್ರತಿಯೊಂದು ತಡೆಯ ಬಳಿಯೂ ಒಂದು ಠಾಣೆಯಿದೆಯೆಂದು ಭಾವಿಸಿರಿ. ಸೋತರೆ ಅಲ್ಲಿಂದಲೇ ಮತ್ತೆ ಹೊರಡಬಹುದು. ಆಟಗಾರರು ಇದನ್ನು ಚೆಕ್‌ಪಾಯಿಂಟ್ ಎನ್ನುವರು. ಆಗ ಬೇಕಾದುದು ೨೦ × ೧.೧೧, ಅಂದರೆ ಸುಮಾರು ೨೨ ಪ್ರಯತ್ನಗಳು ಮಾತ್ರ.

ತಡೆಗಳನ್ನು ತುಸು ಬಿಗಿಗೊಳಿಸೋಣ. ದಾಟುವ ಸಂಭವನೀಯತೆ ೦.೮ಕ್ಕೆ ಇಳಿದರೆ ಠಾಣೆಯಿಲ್ಲದ ಆಟಕ್ಕೆ ಸುಮಾರು ೪೨೯ ಪ್ರಯತ್ನಗಳು ಬೇಕು. ಠಾಣೆಯುಳ್ಳದಕ್ಕೆ ೨೫ ಸಾಕು. ಅದು ೦.೫ಕ್ಕೆ ಇಳಿದರೆ ಠಾಣೆಯಿಲ್ಲದ ಆಟಕ್ಕೆ ೨೦ ಲಕ್ಷಕ್ಕೂ ಮಿಕ್ಕಿದ ಪ್ರಯತ್ನಗಳು ಬೇಕಾಗುವುವು. ಠಾಣೆಯುಳ್ಳದಕ್ಕೆ ೪೦ ಮಾತ್ರ!

ಈ ಕೊನೆಯ ಸಂಖ್ಯೆಯನ್ನು ಮೊದಲಿನ ೭೨ರೊಡನೆ ಹೋಲಿಸಿರಿ. ಎರಡಕ್ಕೊಮ್ಮೆ ಸೋಲಿಸುವ ಬಿಗಿಯಾದ ತಡೆಗಳ ಹೊಸ ಆಟವು, ಹತ್ತಕ್ಕೊಮ್ಮೆ ಮಾತ್ರ ಸೋಲಿಸುವ ಸಡಿಲ ತಡೆಗಳ ಹಳೆಯ ಆಟಕ್ಕಿಂತ ಬೇಗ ಮುಗಿಯುತ್ತದೆ. ಅಣ್ಣನವರೂ ಹುಡುಗನೂ ಏಕೆ ವಾದಿಸುತ್ತಿದ್ದರೆಂಬುದು ಈಗ ಸ್ಪಷ್ಟವಾಯಿತಲ್ಲವೆ? ಒಬ್ಬರು ದಂಡವನ್ನು ಅಳೆಯುತ್ತಿದ್ದರು, ಇನ್ನೊಬ್ಬನು ತಡೆಯನ್ನು. ಹಳೆಯ ಆಟಗಳಲ್ಲಿ ಮೂರು ಜೀವಗಳಿರುತ್ತಿದ್ದುದರಿಂದ ನಮ್ಮ ಲೆಕ್ಕ ತುಸು ಸೌಮ್ಯವಾಗುವುದೇನೋ ನಿಜ. ಆದರೆ ಅದರ ಸ್ವಭಾವ ಬದಲಾಗದು.

ದಂಡ ಏಕೆ ಭಾರವಾಗಿದ್ದಿತು?

ಇದಕ್ಕೆ ಎರಡು ಕಾರಣಗಳುಂಟು. ಮೊದಲನೆಯದು ನಾಣ್ಯ. ೧೯೭೨ರ 'ಪಾಂಗ್', ೧೯೭೮ರ 'ಸ್ಪೇಸ್ ಇನ್ವೇಡರ್ಸ್', ೧೯೮೦ರ 'ಪ್ಯಾಕ್-ಮ್ಯಾನ್' ಇವೆಲ್ಲ ಅಂಗಡಿಗಳಲ್ಲಿಟ್ಟ, ನಾಣ್ಯ ಹಾಕಿ ಆಡತಕ್ಕ ಯಂತ್ರಗಳು. ಒಬ್ಬನೇ ಗಂಟೆಗಟ್ಟಲೆ ಆಡಿದರೆ ಮಾಲಿಕನಿಗೆ ನಷ್ಟ. ಆದುದರಿಂದ ಆಟಗಾರ ಬೇಗ ಸೋಲಬೇಕು, ಸೋತು ಮತ್ತೊಂದು ನಾಣ್ಯ ಹಾಕಬೇಕು.

ಎರಡನೆಯದು ಸ್ಮೃತಿಯ ಅಭಾವ. ನಮ್ಮ ಅಟ್ಟದ ಯಂತ್ರವು ೧೯೮೩ರಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆ ಹೊರತಂದ 'ಫ್ಯಾಮಿಕಾಮ್' ಯಂತ್ರದ ನಕಲು. ೧೯೯೦ರ ದಶಕದಲ್ಲಿ ಇಂಥ ನಕಲುಗಳು ನಮ್ಮ ಪೇಟೆಗಳಲ್ಲಿ ಧಾರಾಳವಾಗಿ ದೊರೆಯುತ್ತಿದ್ದವು. ಮೂಲ ಯಂತ್ರದ ಕೆಲಸದ ಸ್ಮೃತಿ ಕೇವಲ ೨ ಕಿಲೋಬೈಟು. ೧೯೮೫ರ 'ಸೂಪರ್ ಮಾರಿಯೋ ಬ್ರದರ್ಸ್' ಆಟದ ೩೨ ಹಂತಗಳೂ ೪೦ ಕಿಲೋಬೈಟುಗಳಲ್ಲಿ ಅಡಗಿದ್ದವು. ಇಂದಿನ ಮೊಬೈಲಿನ ಒಂದು ಛಾಯಾಚಿತ್ರವೂ ಅದಕ್ಕಿಂತ ಎಷ್ಟೋ ಪಾಲು ದೊಡ್ಡದು. ಇಷ್ಟು ಚಿಕ್ಕ ಆಟ ತಿಂಗಳುಗಟ್ಟಲೆ ಬಾಳಬೇಕಾದರೆ ಆಟಗಾರನನ್ನು ಮತ್ತೆ ಮತ್ತೆ ಹಿಂದಕ್ಕೆ ಕಳುಹಿಸುವುದೇ ಉಪಾಯ. ಸಾಲದುದಕ್ಕೆ ಸಾಮಾನ್ಯ ಕ್ಯಾಸೆಟ್ಟಿನಿಂದ ಓದಬಹುದಿತ್ತೇ ಹೊರತು ಅದರ ಮೇಲೆ ಬರೆಯಲು ಬರುತ್ತಿರಲಿಲ್ಲ. ಎಲ್ಲಿಯವರೆಗೆ ಆಡಿದೆವೆಂಬುದನ್ನು ನೆನಪಿಡಲು ೧೯೮೭ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ 'ದಿ ಲೆಜೆಂಡ್ ಆಫ್ ಜೆಲ್ಡಾ' ಕ್ಯಾಸೆಟ್ಟಿನೊಳಗೆ ಒಂದು ಚಿಕ್ಕ ಬ್ಯಾಟರಿಯನ್ನೇ ಇಡಬೇಕಾಯಿತು.

ಗುಡಗೇರಿಯಲ್ಲಿ ನಮಗೆ ಮೂರನೆಯ ಕಾರಣವೂ ಇದ್ದಿತು: ಕರೆಂಟು. 'ಕಾಂಟ್ರಾ' ಆಟದಲ್ಲಿ ಎಂಟು ಹಂತಗಳು. ನಾವು ಮತ್ತು ನಮ್ಮ ಗೆಳೆಯನೊಬ್ಬ ಬೇಸಗೆಯ ರಜೆಯೊಂದರಲ್ಲಿ ಕೊನೆಯ ಹಂತವನ್ನು ಮುಟ್ಟಿದಾಗ ಊರಿನ ದೀಪಗಳೆಲ್ಲ ಆರಿಹೋದವು. ಕರೆಂಟು ಮರಳಿದಾಗ ಯಂತ್ರಕ್ಕೆ ನಮ್ಮ ಪರಿಶ್ರಮದ ಸುಳಿವೇ ಇರಲಿಲ್ಲ.

ಹೊಸ ಆಟಗಳ ಬಗೆ

ಸ್ಮೃತಿ ಅಗ್ಗವಾದಂತೆ ದಂಡ ಇಳಿಯಿತು. ದಂಡ ಇಳಿದುದರಿಂದಲೇ ತಡೆಗಳನ್ನು ಏರಿಸಲು ಅವಕಾಶವಾಯಿತು. ೨೦೧೮ರ 'ಸೆಲೆಸ್ಟ್' ಆಟದಲ್ಲಿ ಬಿದ್ದರೆ ಅದೇ ಪರದೆಯ ಆರಂಭದಿಂದ ಕ್ಷಣಾರ್ಧದಲ್ಲಿ ಮತ್ತೆ ಹೊರಡಬಹುದು. ಆದರೆ ಒಂದೊಂದು ಪರದೆಗೂ ಹತ್ತಾರು ಸಲ ಬೀಳಬೇಕಾದೀತು. ೨೦೧೧ರ 'ಡಾರ್ಕ್ ಸೋಲ್ಸ್' ದಂಡವನ್ನೂ ಉಳಿಸಿಕೊಂಡಿತು. ಅದರಲ್ಲಿ ಸತ್ತವನ ಗಳಿಕೆ ಸತ್ತ ಸ್ಥಳದಲ್ಲಿಯೇ ಬಿದ್ದಿರುತ್ತದೆ. ಅಲ್ಲಿಗೆ ಹೋಗಿ ತೆಗೆದುಕೊಳ್ಳುವ ಮೊದಲೇ ಮತ್ತೊಮ್ಮೆ ಸತ್ತರೆ ಆ ಗಳಿಕೆ ಶಾಶ್ವತವಾಗಿ ಹೋಗುವುದು. ಇನ್ನೊಂದೆಡೆ, ತಡೆಯನ್ನೂ ದಂಡವನ್ನೂ ಇಳಿಸಿದ ಆಟಗಳು ಇಂದು ಬೇಕಾದಷ್ಟಿವೆ. ೨೦೦೫ರ 'ರೆಸಿಡೆಂಟ್ ಈವಿಲ್ ೪' ಆಟಗಾರನ ಸೋಲುಗಳನ್ನು ಗಮನಿಸಿ ತಾನಾಗಿಯೇ ಸೌಮ್ಯವಾಗುತ್ತಿದ್ದಿತು. ನಾಣ್ಯವೂ ಪೂರ್ತಿಯಾಗಿ ಮರೆಯಾಗಿಲ್ಲ. ಸೋತವನು ಹಣ ತೆತ್ತರೆ ಕೂಡಲೇ ಮುಂದುವರಿಯಬಹುದು, ಇಲ್ಲವಾದರೆ ಕಾಯಬೇಕು ಎನ್ನುವ ಮೊಬೈಲು ಆಟಗಳಲ್ಲಿ ಅದು ಬೇರೆ ರೂಪದಲ್ಲಿ ಉಳಿದಿದೆ.

ಆಟಗಾರನನ್ನು ಬಿಟ್ಟು ತಡೆಯ ಕಾಠಿಣ್ಯವನ್ನು ಹೇಳಲಾಗದೆಂಬುದನ್ನೂ ಮರೆಯಬಾರದು. ನಿಂಟೆಂಡೊ ಯಂತ್ರದ ೧೯೮೯ರ 'ಟೆಟ್ರಿಸ್' ಆಟದಲ್ಲಿ ೨೯ನೆಯ ಹಂತದಿಂದ ಮುಂದೆ ಇಟ್ಟಿಗೆಯು ಸೆಕೆಂಡಿಗೆ ೬೦ ಸಾಲುಗಳಂತೆ ಬೀಳುತ್ತದೆ. ಪರದೆಯಲ್ಲಿರುವುದು ೨೦ ಸಾಲುಗಳು; ಅಂದರೆ ಮೇಲಿನಿಂದ ಕೆಳಗೆ ಬರಲು ಸೆಕೆಂಡಿನ ಮೂರನೆಯ ಒಂದು ಭಾಗ ಮಾತ್ರ. ಕಣ್ಣು ಕಂಡುದಕ್ಕೆ ಕೈ ಪ್ರತಿಕ್ರಿಯಿಸಲು ಸೆಕೆಂಡಿನ ನಾಲ್ಕನೆಯ ಒಂದು ಭಾಗದಷ್ಟು ಕಾಲ ಬೇಕು. ಆದುದರಿಂದ ಆಟ ಅಲ್ಲಿಗೇ ಮುಗಿಯಿತೆಂದು ಬಹುಕಾಲ ನಂಬಲಾಗಿತ್ತು. ಆದರೆ ಗುಂಡಿಯನ್ನು ವೇಗವಾಗಿ ಒತ್ತುವ ಹೊಸ ಹೊಸ ಬೆರಳುವಿದ್ಯೆಗಳನ್ನು ಆಟಗಾರರು ಕಂಡುಹಿಡಿದರು. ೨೦೨೩ರ ಡಿಸೆಂಬರಿನಲ್ಲಿ ಅಮೆರಿಕದ ೧೩ ವರ್ಷದ ಬಾಲಕನೊಬ್ಬ ೧೫೭ನೆಯ ಹಂತವನ್ನು ಮುಟ್ಟಿದಾಗ ಸೋತು ನಿಂತದ್ದು ಆತನಲ್ಲ, ಆಟದ ಕ್ರಮವಿಧಿ! ತಡೆ ಇದ್ದಂತೆಯೇ ಇದ್ದಿತು. ಅದನ್ನು ದಾಟುವ ಸಂಭವನೀಯತೆಯನ್ನು ಅಭ್ಯಾಸವು ಏರಿಸಿತು.

ಅಭ್ಯಾಸದ ವಿಷಯದಲ್ಲಿ ಠಾಣೆಗಳಿಂದ ಇನ್ನೊಂದು ಪ್ರಯೋಜನವಿದೆ. ಹಳೆಯ ಆಟದಲ್ಲಿ ಮೊದಲ ಹಂತವನ್ನು ನಾವು ನೂರಾರು ಸಲ ಆಡಿದೆವು, ಕೊನೆಯದನ್ನು ಬೆರಳೆಣಿಕೆಯಷ್ಟು ಸಲ. ಕಲಿತುದನ್ನೇ ಮತ್ತೆ ಕಲಿತೆವು; ಕಲಿಯಬೇಕಾದುದು ಹಾಗೆಯೇ ಉಳಿಯಿತು. ಠಾಣೆಯಿದ್ದರೆ ಅಭ್ಯಾಸವೆಲ್ಲ ಎಲ್ಲಿ ಬೇಕೋ ಅಲ್ಲಿಯೇ ನಡೆಯುತ್ತದೆ.

ಆಟದ ಹೊರಗೆ

ಹಾಗಾದರೆ ಉತ್ತರವೇನು? ಹೊಸ ಆಟಗಳಲ್ಲಿ ದಂಡ ಬಹುಮಟ್ಟಿಗೆ ಇಳಿದಿದೆ. ತಡೆ ಕೆಲವೆಡೆ ಇಳಿದಿದೆ, ಕೆಲವೆಡೆ ಏರಿದೆ. 'ಸುಲಭವಾಯಿತು' ಎಂಬ ಒಂದೇ ಮಾತಿನಲ್ಲಿ ಇದನ್ನು ಹೇಳಲಾಗದು.

ಈ ಭೇದವು ಆಟಕ್ಕಷ್ಟೇ ಸಲ್ಲುವುದಾಗಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. ೨೦೨೪ರಲ್ಲಿ ಕರ್ನಾಟಕದ ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು.ಸಿ. ವಿದ್ಯಾರ್ಥಿಗಳಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳನ್ನು ನಡೆಸಿದಾಗ "ಈಗಿನ ಪರೀಕ್ಷೆ ಸುಲಭ" ಎಂಬ ಮಾತನ್ನು ನಾವು ಹಿರಿಯರ ಬಾಯಲ್ಲಿ ಕೇಳಿದೆವು. ಪ್ರಶ್ನಪತ್ರಿಕೆಯ ಮಟ್ಟ ಇಳಿಯಿತೆ ಎಂಬುದು ತಡೆಯ ಪ್ರಶ್ನೆ. ಸೋತವನು ಎಷ್ಟು ಕಾಲ ಕಳೆದುಕೊಳ್ಳಬೇಕೆಂಬುದು ದಂಡದ ಪ್ರಶ್ನೆ. ಎರಡನ್ನೂ ಬೇರೆ ಬೇರೆಯಾಗಿ ವಿಚಾರಿಸಬೇಕು. ದಂಡವು ಎಚ್ಚರವನ್ನು ಕಲಿಸುತ್ತದೆಂಬುದು ಸುಳ್ಳಲ್ಲ; ಕಡಿಯುವ ಭಯವಿಲ್ಲದ ಚೌಕಾಬಾರ ಸಪ್ಪೆ. ಆದರೆ ಆಟದಲ್ಲಿ ಹೋಗುವುದು ಒಂದು ಸಂಜೆ. 'ಕಾಂಟ್ರಾ'ದ ಕೊನೆಯ ಹಂತದವರೆಗೆ ನಮ್ಮ ಜೊತೆ ಬಂದ ಆ ಗೆಳೆಯ ನಮ್ಮೆಲ್ಲರಿಗಿಂತ ಚುರುಕಾದ ಆಟಗಾರ. ಎಸ್.ಎಸ್.ಎಲ್.ಸಿ.ಯಲ್ಲಿ ಗಣಿತವೊಂದರಲ್ಲಿ ಅವನು ಉತ್ತೀರ್ಣನಾಗಲಿಲ್ಲ. ವರ್ಷ ಹೋಯಿತು, ಹೊಲದ ಕೆಲಸ ಬಂತು. ಅವನು ಮತ್ತೆ ಪರೀಕ್ಷೆಗೆ ಕುಳಿತುಕೊಳ್ಳಲೇ ಇಲ್ಲ. ಅವನನ್ನು ತಡೆದದ್ದು ಗಣಿತವೆಂದು ನಾವು ಇಂದಿಗೂ ಒಪ್ಪಲಾರೆವು.

ಒಂದು ಪ್ರಯೋಗ

ಮೇಲಿನ ಲೆಕ್ಕವನ್ನು ನಂಬಬೇಕಾಗಿಲ್ಲ, ಪರೀಕ್ಷಿಸಿರಿ. ಕಾಗದದ ಮೇಲೆ ಸಾಲಾಗಿ ೧೨ ಮನೆಗಳನ್ನು ಬರೆದು ಲೂಡೋದ ಒಂದು ದಾಳವನ್ನು ತೆಗೆದುಕೊಳ್ಳಿರಿ. ಮೊದಲ ಮನೆಯ ಹೊರಗಿನಿಂದ ಹೊರಡಿರಿ. ೨ರಿಂದ ೬ರವರೆಗೆ ಯಾವುದು ಬಿದ್ದರೂ ಒಂದು ಮನೆ ಮುಂದಕ್ಕೆ ಹೋಗಿರಿ. ೧ ಬಿದ್ದರೆ, ಮೊದಲ ಬಗೆಯ ಆಟದಲ್ಲಿ ಆರಂಭಕ್ಕೆ ಹಿಂದಿರುಗಿರಿ. ಎರಡನೆಯ ಬಗೆಯಲ್ಲಿ ಇದ್ದಲ್ಲಿಯೇ ನಿಲ್ಲಿರಿ. ಕೊನೆಯ ಮನೆ ಮುಟ್ಟುವವರೆಗೆ ದಾಳವನ್ನು ಎಷ್ಟು ಸಲ ಎಸೆದಿರೆಂದು ಎಣಿಸಿರಿ. ಒಂದೊಂದು ಆಟದ ಫಲ ಬಹಳ ಹೆಚ್ಚುಕಡಿಮೆಯಾಗಬಹುದು. ಆದುದರಿಂದ ಎರಡೂ ಬಗೆಗಳನ್ನು ಇಪ್ಪತ್ತಿಪ್ಪತ್ತು ಸಲ ಆಡಿ ಸರಾಸರಿ ತೆಗೆಯಿರಿ. ಲೆಕ್ಕದ ಪ್ರಕಾರ ಮೊದಲನೆಯದು ೪೭ರ, ಎರಡನೆಯದು ೧೪ರ ಆಸುಪಾಸಿನಲ್ಲಿ ಬರಬೇಕು. ತಡೆಯೆಂಬುದು ಎರಡರಲ್ಲಿಯೂ ಅದೇ ದಾಳ ಎಂಬುದನ್ನು ನೆನಪಿಡಿರಿ.