ಕೊನ್ನಾರಿ ಹುಲ್ಲಲ್ಲ

ಹುಳಿಯಾರು ಸೀಮೆಯ ತೆಂಗಿನ ತೋಟಗಳಲ್ಲಿ, ನೀರುಂಡ ಪಾತಿಯ ಸುತ್ತ ಬೇಗನೆ ತಲೆಯೆತ್ತುವ ಕಳೆ ಕೊನ್ನಾರಿ. ಇದನ್ನೇ ಕೆಲವರು ಜೇಕು, ತುಂಗೆ ಎನ್ನುವರು. ವೈದ್ಯರ ಬಾಯಲ್ಲಿ ಇದು ಮುಸ್ತಾ, ಭದ್ರಮುಷ್ಟಿ. ಒಂದು ಸಸ್ಯಕ್ಕೆ ಹಲವು ಹೆಸರಿದ್ದರೆ ಹಾನಿಯಿಲ್ಲ. ಒಂದೇ ಹೆಸರಿನಡಿ ಹಲವು ಸಸ್ಯಗಳು ಸೇರಿದರೆ ಕಷಾಯ ಕುಡಿಯುವವರಿಗೆ ತೊಂದರೆ.

ನಾವು ಇದನ್ನು ಹುಲ್ಲೆಂದೇ ಕರೆಯುತ್ತ ಬಂದಿದ್ದೇವೆ. ಸಸ್ಯಶಾಸ್ತ್ರ ಅದನ್ನು ಒಪ್ಪುವುದಿಲ್ಲ. ಹುಲ್ಲಿನ ದಂಟು ದುಂಡು, ಗಿಣ್ಣುಳ್ಳದ್ದು, ಬಹುಮಟ್ಟಿಗೆ ಟೊಳ್ಳು. ಎಲೆಗಳು ಎರಡು ಸಾಲು. ಕೊನ್ನಾರಿಯ ಹೂದಂಟನ್ನು ಬೆರಳುಗಳ ನಡುವೆ ಹೊರಳಿಸಿದರೆ ಮೂರು ಏಣು ತಗಲುತ್ತವೆ. ಒಳಗೆ ಗಟ್ಟಿ, ಎಲೆಗಳು ಮೂರು ಸಾಲು. ಇದರ ಕುಟುಂಬ ಸೈಪರೇಸಿ. ಅದರಲ್ಲಿ ಸುಮಾರು 5,500 ಪ್ರಭೇದಗಳಿವೆ. ಈಜಿಪ್ಟಿನ ಪಪೈರಸ್ ಕೂಡ ಕೊನ್ನಾರಿಯ ಕುಲದ್ದೇ. ಕೆರೆಯಂಚಿನ ಕೆಲವು ಬಂಧುಗಳ ದಂಟು ದುಂಡಗಿರುವುದೂ ಉಂಟು. ಆದುದರಿಂದ ಏಣೊಂದನ್ನೇ ನಂಬಲಾಗದು. ಜ್ವರದ ಬಾಯಾರಿಕೆಗೆ ಚರಕರು ಹೇಳಿದ ಷಡಂಗಪಾನೀಯದಲ್ಲಿ ಮುಸ್ತಾ, ಲಾವಂಚ ಎರಡೂ ಸೇರಿವೆ. ಲಾವಂಚ ಮಾತ್ರ ನಿಜವಾದ ಹುಲ್ಲು.

1753ರಲ್ಲಿ ಲಿನೇಯಸ್ ನಮ್ಮ ಕೊನ್ನಾರಿಗೆ ಸೈಪರಸ್ ರೊಟಂಡಸ್ ಎಂದು ಹೆಸರಿಟ್ಟನು. ರೊಟಂಡಸ್ ಎಂದರೆ ದುಂಡನೆಯದು. ಅದೇ ವರ್ಷ ಅವನು ಹೆಸರಿಸಿದ ಇನ್ನೊಂದು ಪ್ರಭೇದ ಸೈಪರಸ್ ಎಸ್ಕುಲೆಂಟಸ್, ಅಂದರೆ ತಿನ್ನಲು ಯೋಗ್ಯವಾದುದು. ಎಳೆಯದರಲ್ಲಿ ಎರಡೂ ಒಂದೇ ತೆರ. ಹೂಬಿಟ್ಟಾಗ ಕೊನ್ನಾರಿಯ ತೆನೆ ಕೆನ್ನೇರಳೆ ಕಂದು, ಮತ್ತೊಂದರದು ಒಣಹುಲ್ಲಿನ ಹಳದಿ. ಅಗೆದು ನೋಡಿದರೆ ಸಂಶಯ ತೀರುತ್ತದೆ: ಕೊನ್ನಾರಿಯಲ್ಲಿ ಗಡ್ಡೆಗಳು ಸರದಂತೆ ಒಂದರ ಹಿಂದೊಂದು ಪೋಣಿಸಿಕೊಂಡಿರುತ್ತವೆ, ಕಹಿ, ಸುಗಂಧ, ಮತ್ತೊಂದರಲ್ಲಿ ಬೇರಿನೆಳೆಯ ತುದಿಗೆ ಒಂದೊಂದೇ ಗಡ್ಡೆ, ಸಿಹಿ. ಗ್ರಂಧಿಗೆ ಅಂಗಡಿಯ ನಾಗರಮೋಥಾದಲ್ಲಿ ಸೈಪರಸ್ ಸ್ಕೇರಿಯೋಸಸ್ ಎಂಬ ಮೂರನೆಯದೂ ಬರುತ್ತದೆ. ಒಣಗಿದ ಮೇಲೆ ಗುರುತು ಹಿಡಿಯುವುದು ಕಷ್ಟ. ಹಸಿಯಾಗಿರುವಾಗ, ಹೂವಿನ ಸಮೇತ ಬಲ್ಲವರಿಗೆ ತೋರಿಸುವುದೇ ಲೇಸು.

ಬಿಳಿಯ ಗುಂಡುಹೂವಿನ ಕಿಲಿಂಗಗಳನ್ನು ಬಹುಕಾಲ ಬೇರೆ ಕುಲವೆಂದು ಎಣಿಸುತ್ತಿದ್ದರು. ಇತ್ತೀಚೆಗೆ ಅವನ್ನೂ ಸೈಪರಸ್ ಕುಲಕ್ಕೆ ಸೇರಿಸಿದ್ದಾರೆ. ಕುಲ ಒಂದಾಯಿತೆಂದು ಗುಣ ಒಂದಾಗದು.

ಎಲ್ಲಿಂದ ಅಗೆದುದು ಎಂಬುದೂ ಮುಖ್ಯ. ಎಲೆಗೆ ಸಿಂಪಡಿಸಿದ ಕೆಲವು ಕಳೆನಾಶಕಗಳು ಗಡ್ಡೆಗೂ ಇಳಿಯುತ್ತವೆ. ಅಂತಹ ತೋಟದ ಹಾಗೂ ಚರಂಡಿ ಬದಿಯ ಗಡ್ಡೆ ಔಷಧಕ್ಕೆ ಬೇಡ. ಮಕ್ಕಳ ಭೇದಿಗೆ ಮುಸ್ತಾ ಕಷಾಯವನ್ನು ಹಿರಿಯರು ಕೊಡುತ್ತಿದ್ದರು ನಿಜ. ಆದರೆ ಮಗು ಬಳಲಿ, ಕಣ್ಣು ಗುಳಿಬಿದ್ದಿದ್ದರೆ ಗಡ್ಡೆ ಹುಡುಕುತ್ತ ಕೂರದೆ, ಓಆರ್‌ಎಸ್ ಕುಡಿಸುತ್ತಲೇ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.