ಊರ ಕೆರೆಯ ಬದಿಯಲ್ಲಿ ಏಳು ವಾರ



ಕರ್ನಾಟಕದ ಶಾಲೆಗಳ ಬೇಸಿಗೆ ರಜೆ ಏಪ್ರಿಲ್ ಎರಡನೇ ವಾರದಲ್ಲಿ ಶುರುವಾಗಿ ಮೇ ಕೊನೆಗೆ ಮುಗಿಯುತ್ತದೆ. ರೈತರ ಲೆಕ್ಕದಲ್ಲಿ ಅದು ಅಶ್ವಿನಿ ಮಳೆಯಿಂದ ರೋಹಿಣಿ ಮಳೆಯವರೆಗಿನ ಅವಧಿ. ಮನೆಯೊಳಗೆ ಕೂತವರಿಗೆ ಈ ಏಳು ವಾರವೂ ಒಂದೇ ಬಿಸಿಲು. ಹೊರಗೆ ಓಡಾಡುವವರಿಗೆ ಒಣಗಿ ಬಿರಿದ ನೆಲ ಹಸಿರಿಗೆ ತಿರುಗುವುದು ದಿನದಿನಕ್ಕೂ ಕಾಣುತ್ತದೆ. ಬಯಲುಸೀಮೆ ಇಷ್ಟು ಬೇಗ ಬೇರೆ ಯಾವಾಗಲೂ ಬದಲಾಗುವುದಿಲ್ಲ. ಅದನ್ನು ನೋಡಲು ದೂರದ ಪ್ರವಾಸಕ್ಕಿಂತ ಊರಿನದೇ ಒಂದು ಜಾಗಕ್ಕೆ ಮತ್ತೆ ಮತ್ತೆ ಹೋಗುವುದು ಮೇಲು. ಅಂಥ ಜಾಗ ಕೆರೆ.

ಕೆರೆ ಹೇಗೆ ಕೆಲಸ ಮಾಡುತ್ತದೆ ಎಂಬುದು ನೀರು ಇಳಿದ ಮೇಲೆಯೇ ತಿಳಿಯುವುದು. ಏರಿಯ ಒಳಮೈಗೆ ಹಾಸಿದ ಕಲ್ಲುಗಳು ಅಲೆ ಬಡಿದು ಮಣ್ಣು ಕೊಚ್ಚಿಹೋಗದಂತೆ ತಡೆಯುತ್ತವೆ. ಆ ಕಲ್ಲುಗಳ ಮೇಲೆ ನೀರಿನ ಗೆರೆಗಳು ಒಂದರ ಕೆಳಗೊಂದು ಉಳಿದಿರುತ್ತವೆ. ಹಳೆಯ ಕೆರೆಗಳಲ್ಲಿ ಏರಿಯಿಂದ ಸ್ವಲ್ಪ ಒಳಗೆ ಎರಡು ಕಲ್ಲುಕಂಬಗಳು ನಿಂತಿರುತ್ತವೆ. ಅವುಗಳ ನಡುವಿನ ಅಡ್ಡಕಲ್ಲಿಗೆ ತೂತು, ತೂತಿನಿಂದ ಇಳಿಬಿಟ್ಟ ಕೋಲು, ಕೋಲಿನ ಬುಡದಲ್ಲಿ ನೀರಿನ ಕಂಡಿಯನ್ನು ಮುಚ್ಚುವ ಬಿರಡೆ. ಇದೇ ತೂಬು. ನೀರುಗಂಟಿ ಕೋಲನ್ನು ಮೇಲೆತ್ತಿದರೆ ನೀರು ಏರಿಯಡಿಯ ದಾರಿಯಿಂದ ಅಚ್ಚುಕಟ್ಟಿನ ಗದ್ದೆಗಳಿಗೆ ಹರಿಯುತ್ತದೆ. ಏರಿಯ ಒಂದು ತುದಿಗೆ, ಏರಿಗಿಂತ ತಗ್ಗಿನಲ್ಲಿ ಕೋಡಿ. ಹೆಚ್ಚಾದ ನೀರು ಏರಿಯನ್ನು ಒಡೆಯದೆ ಅಲ್ಲಿಂದ ಹೊರಬೀಳುತ್ತದೆ. ಒಣಗಿದ ಅಂಗಳದ ಗೋಡನ್ನು ರೈತರು ಹೊಲಕ್ಕೆ ಹೊಡೆಯುವುದೂ ಈ ದಿನಗಳಲ್ಲೇ. ಒಂದು ತೂಬನ್ನು ಕಣ್ಣಾರೆ ನೋಡಿ ಅದರ ಚಿತ್ರ ಬರೆದ ಮಗುವಿಗೆ ನೀರಾವರಿಯ ಪಾಠವನ್ನು ಬಾಯಿಪಾಠ ಮಾಡುವ ಅಗತ್ಯ ಬರುವುದಿಲ್ಲ.

ಪೇಟೆಯ ಮಕ್ಕಳಿಗೂ ಕೆರೆ ತೀರ ದೂರವಲ್ಲ. ತುಮಕೂರಿಗೆ ಅಮಾನಿಕೆರೆಯಿದೆ, ದಾವಣಗೆರೆಗೆ ಕುಂದುವಾಡ ಕೆರೆಯಿದೆ, ಧಾರವಾಡಕ್ಕೆ ಸಾಧನಕೇರಿಯಿದೆ. ಮೈಸೂರಿನ ಕುಕ್ಕರಹಳ್ಳಿ ಕೆರೆ 1864ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆದದ್ದು. ಚಳಿಗಾಲದ ವಲಸೆ ಹಕ್ಕಿಗಳು ಏಪ್ರಿಲ್ ಹೊತ್ತಿಗೆ ಬಹುಪಾಲು ಹೊರಟುಹೋಗಿರುತ್ತವೆ. ನೀರು ಕಡಿಮೆಯಾಗಿ ಮೀನುಗಳು ಒಂದೆಡೆ ಸೇರುವುದರಿಂದ ಬೆಳ್ಳಕ್ಕಿ, ನೀರುಕಾಗೆಗಳು ಹತ್ತಿರದಲ್ಲೇ ಸಿಗುತ್ತವೆ. ನೀರುಕಾಗೆ ಮುಳುಗಿ ಎದ್ದಮೇಲೆ ಕೊಂಬೆಯ ಮೇಲೆ ರೆಕ್ಕೆ ಬಿಚ್ಚಿ ನಿಲ್ಲುವುದು ರೆಕ್ಕೆ ಒಣಗಿಸಿಕೊಳ್ಳಲು.

ಇದೇ ರಜೆಯಲ್ಲಿ ನೆರಳು ಮಾಯವಾಗುವ ದಿನವೂ ಬರುತ್ತದೆ. ಸೂರ್ಯ ಉತ್ತರಕ್ಕೆ ಸರಿಯುತ್ತಾ ಒಂದೊಂದು ಊರಿನ ನೆತ್ತಿಯ ಮೇಲೂ ಹಾದುಹೋಗುತ್ತಾನೆ. ಬೆಂಗಳೂರಿಗೆ ಅದು ಏಪ್ರಿಲ್ 24ರ ಆಸುಪಾಸು, ಮಧ್ಯಾಹ್ನ ಸುಮಾರು 12 ಗಂಟೆ 17 ನಿಮಿಷಕ್ಕೆ. ಬೆಳಗಾವಿಗೆ ಮೇ ಮೊದಲ ವಾರ, ಬೀದರಿಗೆ ಎರಡನೇ ವಾರ. ಸಮತಟ್ಟಾದ ಅಂಗಳದಲ್ಲಿ ಉದ್ದನೆಯ ಲೋಟವೊಂದನ್ನು ಬೋರಲು ಹಾಕಿದರೆ ಅದರ ನೆರಳು ಕುಗ್ಗುತ್ತಾ ಬಂದು ಒಂದೆರಡು ನಿಮಿಷ ಪೂರ್ತಿ ಬುಡದೊಳಕ್ಕೆ ಸೇರಿಬಿಡುತ್ತದೆ. ದೆಹಲಿಯ ಮಕ್ಕಳಿಗೆ ಇದು ಸಿಗುವುದಿಲ್ಲ. ಆ ಊರು ಕರ್ಕಾಟಕ ಸಂಕ್ರಾಂತಿ ವೃತ್ತದಿಂದ ಆಚೆ ಇದೆ.

ಕೆರೆಯಷ್ಟು ದೂರಕ್ಕೂ ಹೋಗಲಾಗದ ದಿನ ಸೂರಿನಡಿಯ ನುಣ್ಣನೆಯ ದೂಳು ಸಾಕು. ಅಲ್ಲಿ ಆಲಿಕೆಯ ಹಾಗೆ ತಳ ಕಿರಿದಾದ ಪುಟ್ಟ ಕುಳಿಗಳಿರುತ್ತವೆ. ಹಿಂದು ಹಿಂದಕ್ಕೆ ಸುತ್ತುತ್ತಾ ಕುಳಿ ತೋಡಿದ ಹುಳು ತಳದಲ್ಲಿ ಹೂತುಕೊಂಡು ಕಾದಿರುತ್ತದೆ. ಅಂಚಿಗೆ ಬಂದ ಇರುವೆ ಜಾರಿ ಹತ್ತಲು ನೋಡಿದರೆ ಕೆಳಗಿನಿಂದ ಮರಳನ್ನು ಎರಚಿ ಬೀಳಿಸುತ್ತದೆ. ಇದೇ ಹುಳು ಬೆಳೆದು, ಏರೋಪ್ಲೇನ್ ಚಿಟ್ಟೆಯನ್ನು ಹೋಲುವ ರೆಕ್ಕೆಯ ಕೀಟವಾಗಿ ಹಾರಿಹೋಗುತ್ತದೆ.

ಹೊರಗಿರಲು ಒಳ್ಳೆಯ ಹೊತ್ತು ಬೆಳಿಗ್ಗೆ ಆರರಿಂದ ಒಂಬತ್ತು, ಮತ್ತೆ ಸಂಜೆ ನಾಲ್ಕೂವರೆಯಿಂದ ಕತ್ತಲಾಗುವವರೆಗೆ. ನಡುಹಗಲಿಗೆ ಹೊಂಗೆಯ ನೆರಳು, ಕುಡಿಯಲು ನೀರುಮಜ್ಜಿಗೆ ಅಥವಾ ಪಾನಕ. ಮಾರ್ಚ್ ಹೊತ್ತಿಗೆ ಹೊಸ ಎಲೆ ಹೊತ್ತು ನಿಲ್ಲುವ ಹೊಂಗೆ ಬೇಸಿಗೆಗೆಂದೇ ಹುಟ್ಟಿದ ಮರದಂತಿದೆ. ಲಗೋರಿ, ಚಿನ್ನಿದಾಂಡು, ಮರಕೋತಿಗಳನ್ನು ಹಿರಿಯರು ಹೇಳಿಕೊಡಬೇಕಾಗಿಲ್ಲ.

ಹೇಳಲೇಬೇಕಾದದ್ದು ನೀರಿನ ಅಪಾಯ. ಪ್ರತಿ ಬೇಸಿಗೆಯಲ್ಲೂ ಈಜಲು ಹೋದ ಮಕ್ಕಳು ಮುಳುಗಿದ ಸುದ್ದಿ ಬರುತ್ತದೆ. ಕೆರೆಯಲ್ಲಿ ಮಣ್ಣು ತೆಗೆದ ಗುಂಡಿಗಳು ನೀರಿನಡಿ ಕಾಣುವುದಿಲ್ಲ. ಮೊಣಕಾಲುದ್ದದ ನೀರಲ್ಲಿ ಒಂದು ಹೆಜ್ಜೆ ಮುಂದಿಟ್ಟರೆ ಆಳುದ್ದ ಇರಬಹುದು. ಕೃಷಿ ಹೊಂಡ ಇನ್ನೂ ಕೆಟ್ಟದ್ದು. ಅದರ ಇಳಿಜಾರಿಗೆ ಹಾಸಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಪಾಚಿ ಕಟ್ಟಿ, ಈಜು ಬಲ್ಲವರೂ ಕಾಲೂರಿ ಮೇಲೆ ಬರಲಾರರು. ಬಿದ್ದವರನ್ನು ಎತ್ತಲು ಇಳಿದವರೂ ಅಲ್ಲೇ ಉಳಿದುಬಿಡುತ್ತಾರೆ. ಈಜು ಬಲ್ಲ ದೊಡ್ಡವರು ಜೊತೆಯಲ್ಲಿಲ್ಲದೆ ಯಾವ ನೀರಿಗೂ ಇಳಿಯಬಾರದು. ಯಾರಾದರೂ ಬಿದ್ದರೆ ಹಾರದೆ, ದಡದಿಂದ ಹಗ್ಗವನ್ನೋ ಉದ್ದನೆಯ ಬಿದಿರನ್ನೋ ಚಾಚಿ ಕೂಗಬೇಕು. ಈ ಒಂದು ಮಾತಿನಲ್ಲಿ ಯಾವ ರಿಯಾಯಿತಿಯೂ ಇಲ್ಲ.

ಸಿಡಿಲಿನ ಭಯ ಭರಣಿ, ಕೃತ್ತಿಕೆ ಮಳೆಗಳದು. ಮಧ್ಯಾಹ್ನ ಉರಿದ ಬಿಸಿಲಿಗೆ ಕಾದ ಗಾಳಿ ಮೇಲೇರಿ ಸಂಜೆಗೆ ಮೋಡ ಕಟ್ಟುತ್ತದೆ. ಗುಡುಗು ಕೇಳಿಸಿತೆಂದರೆ ಬಯಲಿನಲ್ಲಾಗಲಿ ಒಂಟಿಮರದ ಕೆಳಗಾಗಲಿ ನಿಲ್ಲದೆ ಮನೆ ಸೇರಬೇಕು. ಮರಕೋತಿ ಆಡುವವರು ತಕ್ಷಣ ಇಳಿಯಬೇಕು.

ಒಳ್ಳೆಯ ಮಳೆಯೊಂದು ಬಿದ್ದ ಮಾರನೆಯ ಬೆಳಿಗ್ಗೆ ಕೆರೆಗೆ ಹೋಗದಿದ್ದರೆ ರಜೆಯ ಮುಖ್ಯ ದಿನವೇ ಕೈತಪ್ಪಿದ ಹಾಗೆ. ಬಿರುಕುಗಳು ಕೂಡಿಕೊಂಡಿರುತ್ತವೆ. ತಿಂಗಳುಗಟ್ಟಲೆ ನೆಲದೊಳಗೆ ಹುದುಗಿದ್ದ ಕಪ್ಪೆಗಳು ರಾತ್ರಿಯೆಲ್ಲ ಕೂಗಿ, ಕುಂಟೆಯ ನೀರಿನಲ್ಲಿ ಮೊಟ್ಟೆ ಇಟ್ಟಿರುತ್ತವೆ. ದೀಪದ ಕಂಬದಡಿ ಈಸಲಿನ ರೆಕ್ಕೆಗಳು ರಾಶಿ ಬಿದ್ದಿರುತ್ತವೆ. ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ, ನೀರು ಎಷ್ಟನೆಯ ಕಲ್ಲಿನವರೆಗೆ ಏರಿದೆ ಎಂದು ಬರೆದಿಟ್ಟರೆ ಮುಂದಿನ ವರ್ಷದ ರಜೆಗೆ ಹೋಲಿಸಿ ನೋಡಲು ಬರುತ್ತದೆ.

ಶಾಲೆ ತೆರೆದ ಮೇಲೆ ಮೃಗಶಿರ ಮಳೆ ಹಿಡಿಯುತ್ತದೆ. ಆಗ ಕೆಂಪು ಮಖಮಲ್ಲಿನ ಚೂರಿನಂಥ ಹುಳುಗಳು ಮಣ್ಣಿನಿಂದ ಮೇಲೆ ಬರುತ್ತವೆ. ಉತ್ತರ ಕರ್ನಾಟಕದವರು ಇದನ್ನು ಮಿರಗದ ಹುಳ ಎನ್ನುತ್ತಾರೆ. ಅದನ್ನು ನೋಡಲು ರಜೆ ಬೇಕಿಲ್ಲ, ಶಾಲೆಯ ದಾರಿಯ ಹುಲ್ಲಿನಲ್ಲೇ ಸಿಗುತ್ತದೆ.