ಗುಳಿಗೆ ಅವಳದು, ಸಹಿಯೂ ಅವಳದೇ

ಗಂಡ ಗುಳೆ ಹೋದ ಮೇಲೆ ಗುಳಿಗೆ ಯಾಕೆ ಎಂದು ರಾಯಚೂರು ಜಿಲ್ಲೆಯ ದೇವದುರ್ಗ, ಮಾನ್ವಿ ಕಡೆಯ ಎಷ್ಟೋ ಹೆಣ್ಣುಮಕ್ಕಳು ಗರ್ಭನಿರೋಧಕ ಮಾಲಾ-ಎನ್ ಸ್ಟ್ರಿಪ್ಪನ್ನು ಅರ್ಧಕ್ಕೇ ಬಿಡುತ್ತಾರೆ. ಯುಗಾದಿಗೋ ಜಾತ್ರೆಗೋ ಅವನು ಬೆಂಗಳೂರಿನಿಂದ ಬಂದ ರಾತ್ರಿ ಉಳಿದದ್ದರಲ್ಲಿ ಎರಡು ನುಂಗುತ್ತಾರೆ. ಹಬ್ಬ ಮುಗಿಸಿ ಅವನು ಬಸ್ಸು ಹತ್ತಿದ ತಿಂಗಳಿಗೆ ಮುಟ್ಟು ನಿಲ್ಲುತ್ತದೆ. ಗರ್ಭ ತೆಗೆಸಲು ದವಾಖಾನೆಗೆ ಹೋದರೆ ಟೇಬಲ್ಲಿನ ಆಚೆಯಿಂದ ಒಂದೇ ಮಾತು: 'ಗಂಡನ ಸಹಿ ಬೇಕು, ಕರ್ಕೊಂಡು ಬಾ.'

ಆ ಸಹಿ ಯಾವ ಕಾನೂನಿನಲ್ಲೂ ಇಲ್ಲ.

ಅದಕ್ಕೂ ಮೊದಲು ಗುಳಿಗೆಯ ಲೆಕ್ಕ. ಮಾಲಾ-ಎನ್ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಸ್ಟ್ರಿಪ್ಪಿನಲ್ಲಿ 28 ಗುಳಿಗೆ. 21ರಲ್ಲಿ ಹಾರ್ಮೋನು, ಬೇರೆ ಬಣ್ಣದ 7ರಲ್ಲಿ ಕಬ್ಬಿಣಾಂಶ. ಮುಟ್ಟಾದ ಐದು ದಿನದೊಳಗೆ ಶುರು ಮಾಡಿ, ದಿನಾ ಒಂದೇ ಹೊತ್ತಿಗೆ, ಗಂಡ ಊರಲ್ಲಿರಲಿ ಬಿಡಲಿ, ನುಂಗಬೇಕು. ರಾತ್ರಿ ಊಟದ ತಾಟು ತೊಳೆದಿಟ್ಟ ಕೂಡಲೇ ಎಂದು ರೂಢಿ ಮಾಡಿಕೊಂಡರೆ ಮರೆಯುವುದು ಕಡಿಮೆ. ಒಂದು ತಪ್ಪಿದರೆ ನೆನಪಾದ ತಕ್ಷಣ ತೆಗೆದುಕೊಳ್ಳುವುದು. ಎರಡೋ ಹೆಚ್ಚೋ ತಪ್ಪಿದರೆ ಕೂಡಲೇ ಒಂದನ್ನು ನುಂಗಿ, ದಿನಕ್ಕೊಂದರಂತೆ ಮುಂದುವರಿಸಿ, ಏಳು ದಿನ ನಿರೋಧ್ ಬಳಸಲೇಬೇಕು. ಬಂದ ರಾತ್ರಿ ನುಂಗಿದ ಗುಳಿಗೆ ಆ ರಾತ್ರಿಯನ್ನು ಕಾಯುವುದಿಲ್ಲ. ಸ್ಟ್ರಿಪ್ ಮುಗಿದ ಮರುದಿನವೇ ಹೊಸದು ಶುರುವಾಗಬೇಕು. ಅಲ್ಲಿ ತಡವಾದರೆ ಅಪಾಯ ಇನ್ನೂ ಹೆಚ್ಚು.

ಆಶಾ ಕಾರ್ಯಕರ್ತೆ ಕೊಟ್ಟದ್ದು 'ಛಾಯಾ' ಆಗಿದ್ದರೆ ಲೆಕ್ಕವೇ ಬೇರೆ: ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೊಂದು. ಕವರಿನ ಹೆಸರು ನೋಡದೆ ನುಂಗಬಾರದು.

ಶುರುವಿನಲ್ಲಿ ವಾಕರಿಕೆ, ನಡುನಡುವೆ ರಕ್ತದ ಕಲೆ ಕಾಣಬಹುದು. ಸಾಮಾನ್ಯವಾಗಿ ಮೂರು ತಿಂಗಳಲ್ಲಿ ತಗ್ಗುತ್ತದೆ. ಮೀನಖಂಡದಲ್ಲಿ ನೋವು-ಬಾವು, ಎದೆನೋವು, ಸಹಿಸಲಾಗದ ತಲೆನೋವು, ಕಣ್ಣು ಮಂಜಾಗುವುದು ಮಾತ್ರ ಬೇರೆ ಮಾತು. ಗುಳಿಗೆ ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಬೇಕು. ಬಿಪಿ ಇದ್ದವರು, ಆರು ತಿಂಗಳೊಳಗಿನ ಕೂಸಿಗೆ ಹಾಲೂಡಿಸುವವರು ಮಾಲಾ-ಎನ್ ಶುರು ಮಾಡುವ ಮುನ್ನ ವೈದ್ಯರನ್ನು ಕೇಳಲೇಬೇಕು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಫಿಟ್ಸಿನ ಕೆಲವು ಔಷಧಿಗಳು ಗುಳಿಗೆಯ ಬಲ ಕುಗ್ಗಿಸುತ್ತವೆ. ಇದನ್ನು ಎಷ್ಟೋ ಮಂದಿಗೆ ಯಾರೂ ಹೇಳಿಯೇ ಇರುವುದಿಲ್ಲ.

ಇಷ್ಟಾದರೂ ಬಸಿರಾದರೆ? 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ, 2021ರ ತಿದ್ದುಪಡಿಯ ನಂತರ, ಗರ್ಭನಿರೋಧಕ ಕೈಕೊಟ್ಟಿದ್ದನ್ನೇ ಕಾರಣವೆಂದು ಒಪ್ಪುತ್ತದೆ. 20 ವಾರದೊಳಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. 18 ತುಂಬಿದವಳಿಗೆ ಬೇಕಾದ ಒಪ್ಪಿಗೆ ಅವಳದೊಂದೇ. 'ಸಿ' ನಮೂನೆಯಲ್ಲಿ ಅವಳ ಸಹಿ ಅಥವಾ ಹೆಬ್ಬೆಟ್ಟು. ಮದುವೆಯಾಗದವಳಿಗೂ ಈ ಹಕ್ಕಿದೆ. 25 ವರ್ಷದ ಅವಿವಾಹಿತೆಯೊಬ್ಬಳಿಗೆ ದೆಹಲಿ ಹೈಕೋರ್ಟು ಅನುಮತಿ ನಿರಾಕರಿಸಿದಾಗ ಸುಪ್ರೀಂ ಕೋರ್ಟ್ ಅವಳ ನೆರವಿಗೆ ಬಂದು, 2022ರ ಸೆಪ್ಟೆಂಬರ್ 29ರಂದು ವಿವಾಹಿತೆ-ಅವಿವಾಹಿತೆ ಎಂಬ ಭೇದವನ್ನೇ ತಳ್ಳಿಹಾಕಿತು. ಕಾಯ್ದೆ ಕೇಳದ ಸಹಿ, ಕಾಗದ ಕೇಳಿ ಆಸ್ಪತ್ರೆಗಳು ಅಲೆಸಬಾರದೆಂದೂ ಹೇಳಿತು.

ಆದರೂ ಅಲೆಸುತ್ತಾರೆ. ಮನೆಮಂದಿಯನ್ನು ಕೇಳದೆ ಮಾಡಿದರೆ ಜಗಳ ತಮ್ಮ ತಲೆಗೆ ಬಂದೀತೆಂಬ ಅಂಜಿಕೆಯನ್ನು ಬಡ ಹೆಂಗಸಿನ ಮೇಲೆ ಹೇರುವುದು ಅನ್ಯಾಯ. ಗಂಡನಿಗೆ ಫೋನು, ರಜೆ, ರೈಲು ಎನ್ನುವಷ್ಟರಲ್ಲಿ ವಾರಗಳು ಉರುಳುತ್ತವೆ. 20 ದಾಟಿದರೆ ಇಬ್ಬರು ವೈದ್ಯರು ಬೇಕು. 24 ವಾರದವರೆಗಿನ ಆ ಅವಕಾಶವೂ ಅತ್ಯಾಚಾರಕ್ಕೊಳಗಾದವರು, ಅಪ್ರಾಪ್ತೆಯರು, ಬಸಿರಿದ್ದಾಗಲೇ ವಿಧವೆಯಾದವರು ಅಥವಾ ವಿಚ್ಛೇದಿತೆಯರಾದವರು ಮುಂತಾದ ಕೆಲವರಿಗಷ್ಟೇ. ಈ ಗಡುವಿನ ಭಯವನ್ನೇ ದಲ್ಲಾಳಿ ಕಾಯುತ್ತಿರುತ್ತಾನೆ. 'ಐದು ಗುಳಿಗೆ ಕೊಡಸ್ತೀನಿ, ಯಾರಿಗೂ ಗೊತ್ತಾಗಲ್ಲ' ಎಂದು ಚೀಟಿಯಿಲ್ಲದೆ ಕೊಡಿಸುವ ಗರ್ಭಪಾತದ ಕಿಟ್ ವೈದ್ಯರ ನಿಗಾ ಇಲ್ಲದೆ ಬಳಸುವಂಥದ್ದಲ್ಲ. ಬಸಿರು ಗರ್ಭಕೋಶದ ಹೊರಗೆ ನಿಂತಿದ್ದರೆ ಜೀವಕ್ಕೇ ಕುತ್ತು. ಗುಟ್ಟು ಉಳಿಯಬೇಕೆಂದೇ ಅವನ ಹಿಂದೆ ಹೋಗಬೇಕಿಲ್ಲ: ಹೆಸರು ಬಯಲು ಮಾಡಿದ ವೈದ್ಯರಿಗೆ ಒಂದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ಎಂದು ಅದೇ ಕಾಯ್ದೆಯ 5ಎ ಕಲಂ ಹೇಳುತ್ತದೆ.

18 ತುಂಬದವಳಾದರೆ ಪೋಷಕರ ಲಿಖಿತ ಒಪ್ಪಿಗೆ ಬೇಕು, ಮದುವೆಯಾಗಿದ್ದರೂ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ಮಾಹಿತಿ ಹೋಗುತ್ತದೆ. ಅವಳು ಮತ್ತು ಪೋಷಕರು ಕೋರಿದರೆ ವೈದ್ಯರು ಆ ಮಾಹಿತಿಯಲ್ಲಿ ಹೆಸರು ಬರೆಯಬೇಕಿಲ್ಲ ಎಂಬುದೂ 2022ರ ಅದೇ ತೀರ್ಪಿನಲ್ಲಿದೆ.

ಸಹಿಗಾಗಿ ವಾಪಸು ಕಳಿಸಿದರೆ, ಯಾಕೆಂದು ಬರೆದುಕೊಡಲು ಕೇಳಬೇಕು. ಕೊಡಲೊಪ್ಪದಿದ್ದರೆ ಬಂದ ತಾರೀಖು, ಹೇಳಿದ ಮಾತು ಬರೆದು ರಾಯಚೂರಿನ ಜಿಲ್ಲಾ ಆರೋಗ್ಯಾಧಿಕಾರಿಗೆ ಅರ್ಜಿ ಕೊಟ್ಟು, ತನ್ನ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಬೇಕು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ವಕೀಲರು ಉಚಿತ, ಆದಾಯ ಪ್ರಮಾಣಪತ್ರ ಬೇಕಿಲ್ಲ, ಸಹಾಯವಾಣಿ 15100. ಆದರೆ ಅರ್ಜಿಯ ಉತ್ತರಕ್ಕೆ ಕಾಯುತ್ತ ಕೂರುವಂತಿಲ್ಲ. ಅದೇ ದಿನ ಇನ್ನೊಂದು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಕೊನೆಯ ಮುಟ್ಟಿನ ತಾರೀಖು ಬರೆದ ಚೀಟಿ ಕೈಯಲ್ಲಿ ಹಿಡಿದು.